ಟಬ್ಬಿಗೆ ಬಿದ್ದ ಬ್ಲೀಚಿಂಗ್ ಪುಡಿ

ಕಿತ್ತಳೆ ಕ್ರೇಟಿಗೆ ತುಂಬುವಾಗ ಎಲ್ಲ ಚೆನ್ನಾಗೇ ಇರುತ್ತದೆ. ಪೇಟೆ ಮುಟ್ಟುವಷ್ಟರಲ್ಲಿ ಒಂದಕ್ಕೆ ಹಸಿರು ಬೂಷ್ಟು ಹಿಡಿದು, ಪಕ್ಕದವನ್ನೂ ಕೆಡಿಸಿರುತ್ತದೆ. ಯಾರ ಮನೆಯಲ್ಲಿ ಆಗಿಲ್ಲ ಹೇಳಿ!

ಉಜ್ಜಮ್ಮನ ಮನೆಯಲ್ಲೂ ಆಗಿತ್ತು. ಕಂಡಿದ್ದನ್ನೆಲ್ಲ ತಿಕ್ಕಿ ತೊಳೆಯುವ ಆಕೆಗೆ ಬೀದಿಯವರು ಇಟ್ಟ ಹೆಸರು ಅದು. ಈ ಸಲ ಪೇಟೆಯ ದೊಡ್ಡ ಅಂಗಡಿಯವರು, ಮೊದಲ ಲೋಡು ಕೆಡದೆ ಬಂದರೆ ಮಹಿಳಾ ಸಂಘದ ಅಷ್ಟೂ ಹಣ್ಣು ತಮಗೇ ಇರಲಿ ಎಂದಿದ್ದರು. ಕೆಡುವುದಿಲ್ಲ ಎಂದು ಸಂಘದಲ್ಲಿ ಮಾತು ಕೊಟ್ಟವಳು ಉಜ್ಜಮ್ಮನ ಸೊಸೆ. ತರಬೇತಿಗೆ ಹೋಗಿ ಬಂದವಳು, ಶೆಡ್ಡಿನಲ್ಲಿ ಕೂತು ಪೊಟ್ಟಣದ ಪುಡಿಯನ್ನು ಟಬ್ಬಿನ ನೀರಿಗೆ ಕಲಸುತ್ತಿದ್ದಳು.

“ಏನೇ ಅದು?”

“ಬ್ಯಾಕ್ಟೀರಿಯಾ, ಅತ್ತೆ.”

“ಅಯ್ಯೋ ನಿನ್ನ! ರೋಗ ತಂದು ಹಣ್ಣಿಗೆ ಬಳಿತೀಯಾ?”

“ಇದು ಒಳ್ಳೇ ಜಾತೀದು. ಹಾಲು ಹೆಪ್ಪಾಗೋದೂ ಇಂಥದ್ರಿಂದಾನೇ ಅಲ್ವಾ? ಕೊಯ್ಯುವಾಗ ಸಿಪ್ಪೆ ತರಚಿರುತ್ತೆ, ಬೂಷ್ಟು ನುಗ್ಗೋದೇ ಅಲ್ಲಿಂದ. ಬಸ್ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹಾಗೆ ಇದು ಮೊದಲೇ ಹೋಗಿ ಆ ಗಾಯದಲ್ಲಿ ಕೂರುತ್ತೆ. ಬೂಷ್ಟಿಗೆ ಜಾಗಾನೂ ಇಲ್ಲ, ಊಟಾನೂ ಇಲ್ಲ.”

“ಓಹೋ, ಪಂಡಿತೆ!”

ಸೊಸೆ ಕ್ರೇಟು ತರಲು ಆಚೆ ಹೋದಳು. ಉಜ್ಜಮ್ಮನ ಕೈ ಸುಮ್ಮನಿರಬೇಕಲ್ಲ! ಕ್ರಿಮಿಯಲ್ಲಿ ಒಳ್ಳೆಯದೇನು ಬಂತು? ಪಾಪ, ಹುಡುಗಿಗೆ ಕೆಟ್ಟ ಹೆಸರು ಬರಬಾರದು ಎಂದು ಟಬ್ಬಿಗೆ ಒಂದು ಹಿಡಿ ಬ್ಲೀಚಿಂಗ್ ಪುಡಿ ಸುರಿದಳು. ಉಜ್ಜಮ್ಮನ ದಯೆಯಿಂದ ಶೆಡ್ಡು ಸದಾ ಅದೇ ನಾತ ಹೊಡೆಯುತ್ತಿತ್ತು, ಸೊಸೆಗೆ ಗೊತ್ತಾಗಲಿಲ್ಲ; ಅದೇ ನೀರಿಗೆ ಹಣ್ಣು ಅದ್ದಿ ಪೇಟೆಗೆ ಕಳಿಸಿದಳು. ಬ್ಲೀಚಿಂಗು ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಂದು ತಾನೂ ಆರಿಹೋಯಿತು. ಹಣ್ಣಿನ ಗಾಯ ಕಾಯುವವರಿಲ್ಲದೆ ಉಳಿಯಿತು.

ಲೋಡು ವಾಪಸ್ ಬಂತು. ಕ್ರೇಟು ತೆರೆದರೆ ಹಸಿರು ದೂಳು. ಸಂಘದ ಹೆಂಗಸರು ಸೊಸೆಯ ಮುಖಕ್ಕೇ ಅಂದರು: “ನಿನ್ನ ಪುಡಿ ನಂಬಿ ಹಾಳಾದ್ವಿ!”

“ಅವಳನ್ನ ಅನ್ನಬೇಡ್ರೇ, ಬ್ಲೀಚಿಂಗ್ ಸುರಿದೋಳು ನಾನು.” ಉಜ್ಜಮ್ಮ ನಡುವೆ ಬಂದು ನಿಂತಳು.

ಯಾರೂ ನಂಬಲಿಲ್ಲ. ಮುದುಕಿ ಸೊಸೆಯನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡರು. ನಂಬಿದವಳು ಸೊಸೆ ಒಬ್ಬಳೇ.

“ಒಂದು ಮಾತು ಕೇಳಬಾರದಿತ್ತಾ, ಅತ್ತೆ?” ಎಂದಳು. ಮತ್ತೆ ಸಂಘಕ್ಕೆ ಕಾಲಿಡಲಿಲ್ಲ.

ಮುಂದಿನ ಕೊಯ್ಲಿಗೆ ಉಜ್ಜಮ್ಮ ತಾನೇ ಕೂತು, ಬರೀ ಆ ಪುಡಿಯ ನೀರಿಗೆ ಹಣ್ಣು ಅದ್ದಿದಳು. ಹಣ್ಣು ಉಳಿಯಿತು, ಪುಡಿಯದು ತಪ್ಪಿರಲಿಲ್ಲ ಎಂದು ಮನೆಯವರೆಲ್ಲ ಒಪ್ಪಿದರು. ಅಂಗಡಿಯವರು ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಕ್ಕಂದಿರೇ, ಅಣ್ಣಂದಿರೇ, ನೀವಾದರೂ ಕೇಳಿ. ಕೃಷಿ ಕೇಂದ್ರದಲ್ಲಿ ವಿಚಾರಿಸಿ ಈ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ತನ್ನಿ. ಕೊಯ್ದ ದಿನವೇ ಹಣ್ಣು ಅದ್ದಿ. ಆಗಲೇ ಬೂಷ್ಟು ಹಿಡಿದದ್ದನ್ನು ಇದು ಉಳಿಸದು, ಬೇರೆ ತೆಗೆಯಿರಿ. ಟಬ್ಬಿಗೆ ಬ್ಲೀಚಿಂಗು, ಸೋಪು ಬೇಡವೇ ಬೇಡ. ನಿಮ್ಮ ಮನೆಯಲ್ಲೂ ಒಬ್ಬ ಉಜ್ಜಮ್ಮ ಇದ್ದೇ ಇರುತ್ತಾಳೆ. ಪೊಟ್ಟಣ ಒಡೆಯುವ ಮೊದಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.