ಪಿಂಗಾಣಿಯ ಅಡಿಯ ಹೆಸರು

ಸ್ಟೋಕ್ ಊರಿನವರಿಗೆ ಒಂದು ಚಾಳಿ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ಮುಂದೆ ತಟ್ಟೆ ಇಟ್ಟರೆ ಮೊದಲು ಅದನ್ನು ಮಗುಚಿ, ಅಡಿಯಲ್ಲಿ ಯಾವ ಕಾರ್ಖಾನೆಯ ಹೆಸರಿದೆ ಎಂದು ನೋಡಲೇಬೇಕು. ಊರಿಗೆ ಊರೇ ಪಿಂಗಾಣಿ ಮಾಡಿ ಬದುಕಿದ್ದು, ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ತುಂಬಿದ ಕಪ್ಪನ್ನು ತಲೆಯ ಮೇಲೆತ್ತಿ ನೋಡಿ, ಚಹಾವನ್ನೆಲ್ಲ ಮೈಮೇಲೆ ಸುರಿದುಕೊಂಡವಳು ಬೆರಿಲ್ ಒಬ್ಬಳೇ. ಅದೂ ಟಿಲ್ಸನ್ ಕಾರ್ಖಾನೆಯ ನಿವೃತ್ತರೆಲ್ಲ ಸೇರಿದ್ದ ಸಭೆಯಲ್ಲಿ, ಮಾಲೀಕನ ಎದುರಿಗೇ.

“ಅಯ್ಯೋ ನಿನ್ನ! ಕುಡಿದಾದ ಮೇಲೆ ನೋಡಿದ್ರೆ ಹೆಸರು ಓಡಿಹೋಗ್ತಿತ್ತೇನೇ?” ಪಕ್ಕದಲ್ಲಿದ್ದ ಗೆಳತಿ ಐರಿಸ್ ಕರವಸ್ತ್ರ ಕೊಡುತ್ತ ನಕ್ಕಳು.

ಬೆರಿಲ್‌ಗೆ ನಗು ಬರಲಿಲ್ಲ. ಅವಳ ಮನಸ್ಸು ಬೆಳಗಿನಿಂದ ಲ್ಯಾಂಡಡ್ನೋದ ಸಮುದ್ರದಂಡೆಯಲ್ಲಿತ್ತು. ಹಿಂದೆಲ್ಲ ಬೇಸಿಗೆಯಲ್ಲಿ ಊರಿನ ಕಾರ್ಖಾನೆಗಳು ಒಟ್ಟಿಗೆ ಬಾಗಿಲು ಹಾಕುತ್ತಿದ್ದವು. ಹೊಗೆ ಕರಗಿ ಆಕಾಶ ಕಾಣುವ ಹೊತ್ತಿಗೆ ನೋಡುವುದಕ್ಕೆ ಊರಲ್ಲಿ ಜನವೇ ಇರುತ್ತಿರಲಿಲ್ಲ, ಎಲ್ಲರೂ ಲ್ಯಾಂಡಡ್ನೋದಲ್ಲಿ. ಪ್ರತಿ ಸಲ ವಾಪಸ್ ಬಸ್ ಹತ್ತುವಾಗ ಬೆರಿಲ್ ಗಂಡನಿಗೆ ಹೇಳುತ್ತಿದ್ದಳು, ಒಂದು ದಿನ ಈ ಬಸ್ ಹತ್ತದೆ ಇಲ್ಲೇ ಉಳಿದುಬಿಡಬೇಕು ಎಂದು. ಗಂಡ ಹೋದ. ಆಸೆ ಹೋಗಲಿಲ್ಲ. ಈಗ ಅಲ್ಲೊಂದು ಬಾಡಿಗೆ ಕೋಣೆ ನೋಡಿಟ್ಟಿದ್ದಾಳೆ, ಹಾಸಿಗೆಯಿಂದಲೇ ನೀರು ಕಾಣುತ್ತದೆ. ಪೂರ್ತಿ ಪಿಂಚಣಿ ಬಂದರೆ ಕೋಣೆ ಅವಳದು. ಕಡಿಮೆಯಾದರೆ ಇಲ್ಲ.

ಕಡಿಮೆ ಮಾಡುವುದಕ್ಕೇ ಈ ಸಭೆ. ಮಾಲೀಕ ರೂಪರ್ಟ್ ಟಿಲ್ಸನ್ ಎದ್ದು ನಿಂತ. ಕೆಟ್ಟವನಲ್ಲ, ನಿದ್ದೆಗೆಟ್ಟ ಮುಖ.

“ಗಿರಾಕಿಗಳಿಲ್ಲ, ಗ್ಯಾಸಿನ ಬಿಲ್ಲು ಕಟ್ಟಕ್ಕಾಗ್ತಿಲ್ಲ. ನೀವು ಪಿಂಚಣಿಯಲ್ಲಿ ಮೂರರಲ್ಲೊಂದು ಪಾಲು ಬಿಟ್ಟುಕೊಟ್ರೆ ಕಾರ್ಖಾನೆ ಉಳಿಯುತ್ತೆ. ಇಲ್ಲಾಂದ್ರೆ ಕ್ರಿಸ್ಮಸ್‌ಗೆ ಮೊದಲೇ ಬೀಗ. ಪೂರ್ತಿ ಪಿಂಚಣಿ ಕೊಡ್ತೀವಿ ಅಂತ ಮಾತು ಕೊಟ್ಟೋರು ನಮ್ಮ ತಾತ. ಆ ಕಾಲವೇ ಬೇರೆ.”

ಬೆರಿಲ್ ಒದ್ದೆ ಬಟ್ಟೆಯಲ್ಲೇ ಎದ್ದಳು, ಕೈಯಲ್ಲಿ ಖಾಲಿ ಕಪ್ಪು.

“ರೂಪರ್ಟ್ ಸಾಹೇಬ್ರೇ, ಇದನ್ನ ಎಲ್ಲಿಂದ ತೆಗೆಸಿದ್ರಿ?”

“ಗಾಜಿನ ಬೀರುವಿಂದ. ನಿಮಗೆಲ್ಲ ಒಳ್ಳೇದ್ರಲ್ಲೇ ಕೊಡೋಣ ಅಂತ.”

“ಅಡೀಲಿ ನಿಮ್ಮ ತಾತನ ಹೆಸರಿದೆ. ಪಕ್ಕದಲ್ಲಿ ಈ ಕೆಂಪು ಎಲೆ ಇದ್ಯಲ್ಲ, ಅದು ನಾನು. ಚಿನ್ನದ ಅಂಚು ಬರೆದೋಳ ಗುರುತು. ಎಲೆ ಇದ್ದ ಕಪ್ಪು ಕೆಟ್ಟು ವಾಪಸ್ ಬಂದ್ರೆ ಕೂಲಿ ಇಲ್ದೆ ನಾನೇ ಮತ್ತೆ ಬರೀಬೇಕಿತ್ತು. ಗೊಣಗ್ಕೊಂಡೇ ಬರ್ದಿದೀನಿ. ಈಗ ನಿಮ್ಮ ತಾತನ ಮಾತು ಕೆಟ್ಟು ವಾಪಸ್ ಬಂದಿದೆ. ಇವತ್ತಿಗೂ ಅವರ ಹೆಸರಲ್ಲೇ ಮಾರ್ತೀರಿ. ಹೆಸರು ಬೇಕು, ಮಾತು ಬೇಡ್ವಾ?”

ಹಿಂದಿನ ಸಾಲಿನವರು ಮೇಜು ಕುಟ್ಟಿದರು.

“ಬೇಕು, ಬೆರಿಲ್ ಅವ್ರೇ. ಆದ್ರೆ ಕೊಡೋದಕ್ಕೆ ಏನೂ ಉಳಿದಿಲ್ಲ. ಮನೇನೂ ಅಡ ಇಟ್ಟಾಯ್ತು.”

ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಬೈದು ಮನೆಗೆ ಹೋಗಬಹುದಿತ್ತು. ಮೇಲಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಅವಳದೇ ಹಳೆಯ ಮೇಜಿನ ಮುಂದೆ ಈಗ ಮಗಳು ಗೇಲ್ ಕೂತು ಅಂಚು ಬರೆಯುತ್ತಾಳೆ. ಬೆಳಗ್ಗೆ ಹೊರಡುವಾಗ ಗೇಲ್ ‘ಒಪ್ಪಿಕೋ’ ಎಂದು ಕೇಳಿರಲಿಲ್ಲ. ಕೇಳಿದ್ದರೆ ಜಗಳವಾಡಬಹುದಿತ್ತು.

“ಒಪ್ಪೋರು ಕೈ ಎತ್ತಿ,” ಎಂದ ರೂಪರ್ಟ್.

ಅಲ್ಲೊಂದು ಇಲ್ಲೊಂದು ಕೈ ಎದ್ದವು. ಬೆರಿಲ್ ಕಣ್ಣು ಮುಚ್ಚಿ ಸಮುದ್ರವನ್ನು ಒಂದು ಸಲ ನೋಡಿಕೊಂಡಳು. ಆಮೇಲೆ ಕೈ ಎತ್ತಿದಳು. ಅವಳನ್ನು ನೋಡಿ ಉಳಿದವರೂ ಎತ್ತಿದರು.

“ಅಷ್ಟೆಲ್ಲ ಝಾಡಿಸಿ ಕೈ ಎತ್ತಿಬಿಟ್ಯಲ್ಲೇ!” ಐರಿಸ್ ಬೆರಗಾದಳು.

“ಕೆಟ್ಟಿದ್ದನ್ನ ಮತ್ತೆ ಬರೆದೇ ಅಭ್ಯಾಸ ಕಣೇ,” ಎಂದಳು ಬೆರಿಲ್.

ಸಂಜೆ ಗೇಲ್ ಕೆಲಸ ಮುಗಿಸಿ ಬಂದು, ದೋಸೆಯಂಥ ಓಟ್‌ಕೇಕಿನ ಮೇಲೆ ಚೀಸ್ ಕರಗಿಸುತ್ತ ತಾಯಿಯ ಬಟ್ಟೆ ನೋಡಿದಳು.

“ಏನಮ್ಮಾ ಇದು ಕಲೆ?”

“ಚಹಾ ಚೆಲ್ಲಿಕೊಂಡೆ.”

“ನಿನ್ನ ನೋಡೇ ಎಲ್ರೂ ಕೈ ಎತ್ತಿದ್ರಂತೆ.” ಗೇಲ್ ತಿರುಗದೆ ಹೇಳಿದಳು. “ಬೇಸಿಗೇಲಿ ನಾವಿಬ್ರೂ ಲ್ಯಾಂಡಡ್ನೋಗೆ ಹೋಗೋಣಮ್ಮ. ಒಂದು ವಾರ.”

“ಹೋಗೋಣ. ಕಿಟಕಿ ಪಕ್ಕ ನನಗೆ.”

ಗೇಲ್ ಮಲಗಲು ಹೋದ ಮೇಲೆ ಬೆರಿಲ್ ತಟ್ಟೆ ತೊಳೆಯುತ್ತ ಅತ್ತಳು. ಈ ಬೇಸಿಗೆಗೆ ಹೋಗಬಹುದು, ಮುಂದಿನ ಬೇಸಿಗೆಗೂ ಹೋಗಬಹುದು. ಪ್ರತಿ ಸಲವೂ ವಾಪಸ್ ಬಸ್ ಹತ್ತಬೇಕು.