ಹೆಸರು ಕೇಳದ ಮೇಜುಗಳು

ಬಂದೂಕು ಒರೆಸುವ ಎಣ್ಣೆಯ ವಾಸನೆ, ಅದರ ಮೇಲೆ ಹುರಿದ ಈರುಳ್ಳಿಯದು, ಗಂಡ ವರ್ನನ್ ಇದ್ದಿದ್ದರೆ ಇಷ್ಟು ಹೊತ್ತಿಗೆ ಎರಡು ಹಾಟ್‌ಡಾಗ್ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿದ್ದ, ಹಿಮ ಕರಗುವ ಮೊದಲೇ ಹೋಗಿಬಿಟ್ಟ, ಈಗ ಅವನ ಬಂದೂಕುಗಳಷ್ಟೇ ನನ್ನ ಮುಂದೆ ಮೇಜಿನ ಮೇಲೆ ಮಲಗಿವೆ, ಎಲ್ಲಾ ಮಾರಿ ಹಗುರಾಗು ಅರ್ಲೀನ್ ಅಂದವನು ಪಕ್ಕದ ಮೇಜಿನ ಡ್ವೇನ್, ಗಂಡನ ಬೇಟೆ ಗೆಳೆಯ — ಬೆಳಿಗ್ಗೆ ಬಾಗಿಲಲ್ಲೇ ಸಹಿ ಕೇಳಿದರು, ಹೊಸ ಮಸೂದೆ ಬೇಡ ಅಂತ, ಈ ಬಂದೂಕು ಮೇಳದಲ್ಲಿ ಮಾರುವ ನಮ್ಮಂಥವರೂ ಅಂಗಡಿಯವರ ಹಾಗೆ ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕಂತೆ, ಈಗ ಹೆಸರೂ ಕೇಳದೆ ಮಾರಬಹುದು, ಸಹಿ ಹಾಕಿದೆ, ವರ್ನನ್ ಹಾಕುತ್ತಿದ್ದ ಅಂತ ನಾನೂ ಹಾಕಿದೆ — ಇವನ್ಯಾಕೆ ಮತ್ತೆ ಬಂದ, ಆಗಲೇ ಒಮ್ಮೆ ನೋಡಿ ಹೋಗಿದ್ದ ನೀಲಿ ಟೋಪಿಯವನು, ಆ ಸಣ್ಣ ರಿವಾಲ್ವರನ್ನೇ ಎತ್ತುತ್ತಾನೆ, ಕೋಟಿನ ಜೇಬಲ್ಲಿ ಹಿಡಿಸುತ್ತಾ ನೋಡ್ಲಾ ಅಮ್ಮಾ, ಜಿಂಕೆ ಹೊಡೆಯೋಕಾ ಎಂದು ನಗಾಡಿದೆ, ಅವನು ನಗಲಿಲ್ಲ, ಹೆಂಡ್ತಿ ಅಕ್ಕನ ಮನೆ ಸೇರ್ಕೊಂಡಿದಾಳೆ, ಮಗೂನೂ ಎತ್ಕೊಂಡು, ಇವತ್ತು ಹೋಗಿ ಮಾತಾಡ್ಬೇಕು, ಮಾತಾಡೋಕೆ ಇದ್ಯಾಕಪ್ಪಾ ಅಂದೆ, ಅಕ್ಕನ ಗಂಡ ಬಾಗ್ಲು ತೆಗೀತಿಲ್ಲ, ಅಷ್ಟೇ.

ಅಷ್ಟೇ ಅಂತೆ. ಅಲ್ಲಿ ಮೂಲೆಯಲ್ಲಿ ಲೈಸೆನ್ಸ್ ಇರೋ ಅಂಗಡಿಯವರಿದಾರೆ, ಅವರ ಹತ್ರ ಹೋಗೋಣ ಬಾ, ಒಂದು ಫೋನ್ ಮಾಡಿ ವಿಚಾರಿಸ್ತಾರೆ, ನಿನ್ನ ಮೇಲೆ ಕೇಸು ಏನೂ ಇಲ್ಲ ಅಂದ್ರೆ ಇದು ನಿಂದೇ ಅಂದೆ — ಮುಖ ಗಂಟಿಕ್ಕಿದ, ಆ ಕಾನೂನು ಇನ್ನೂ ಬಂದಿಲ್ವಲ್ಲಮ್ಮಾ, ನೀವ್ಯಾವಾಗ ಪೊಲೀಸ್ ಆದ್ರಿ, ಹಾಗಾದ್ರೆ ಕೆಳಗಿಡು, ನಾನು ಮಾರಲ್ಲ ಅಂದೆ, ಟಪ್ಪನೆ ಇಟ್ಟು ಪಕ್ಕಕ್ಕೆ ಸರಿದ, ಡ್ವೇನನ ಮೇಜಿಗೆ, ಡ್ವೇನ್ ಹಲ್ಲು ಕಿರಿದು ಏಳುತ್ತಾನೆ, ಕಪ್ಪನೆಯದೊಂದು ಪಿಸ್ತೂಲು ತೆಗೆಯುತ್ತಾನೆ, ಕೊಡಬೇಡ ಡ್ವೇನ್, ಏನಾಯ್ತೇ ನಿಂಗೆ, ನನ್ನ ಗಿರಾಕೀನೂ ಓಡಿಸ್ತೀಯಾ, ಅವನು ಹೆಂಡ್ತಿ ಹತ್ರ ಹೋಗ್ತಿದಾನೆ ಕಣೋ, ಗಂಡ ಹೆಂಡ್ತಿ ಜಗಳ ನಮಗ್ಯಾಕೆ — ಕಾಲು ತಾನಾಗಿ ಓಡಿತು, ಮೇಜಿನ ಅಂಚು ಸೊಂಟಕ್ಕೆ ಬಡಿಯಿತು, ಅದನ್ನ ನಾನೇ ತಗೋತೀನಿ, ಅವನಿಗಿಂತ ಜಾಸ್ತಿ ಕೊಡ್ತೀನಿ, ನಿನ್ನಿಷ್ಟ ತಾಯಿ ಅಂದ ಡ್ವೇನ್, ಕೊಟ್ಟೇಬಿಟ್ಟ, ತಣ್ಣಗೆ, ಭಾರವಾಗಿ, ನನ್ನ ಕೈಯಲ್ಲಿ, ಯಾಕೆ ಅಂತ ನನ್ನನ್ನೂ ಕೇಳಲಿಲ್ಲ, ಗಂಡ ಸತ್ತ ಹೆಂಗಸು, ನಿದ್ದೆಯಿಲ್ಲದವಳು, ಯಾಕೆ ಅಂತ ಒಂದು ಮಾತು ಕೇಳಲಿಲ್ಲ — ಬಾಗಿಲಲ್ಲಿ ನಿಂತ ಪೊಲೀಸನಿಗೆ ಹೇಳಲೇ, ಏನಂತ ಹೇಳಲಿ, ಅವನಿನ್ನೂ ಏನೂ ಮಾಡಿಲ್ಲವಲ್ಲ, ಹೆಸರೂ ಗೊತ್ತಿಲ್ಲ, ಆ ಅಕ್ಕನ ಮನೆ ಯಾವ ಊರೋ — ಎಲ್ಲಿ ಹೋದ, ಅಗೋ, ಮುಂದಿನ ಮೇಜು, ಆ ಮುದುಕನ ಬಳಿ ಬರೀ ಉದ್ದದ ಕೋವಿಗಳು, ದಾಟಿದ, ಅದರಾಚೆ ಇನ್ನೊಂದು ಮೇಜು, ಅದರಾಚೆ ಇನ್ನೊಂದು, ಕೊಡಬೇಡಿ ಎಂದು ಕೂಗುತ್ತೇನೆ, ಗದ್ದಲದಲ್ಲಿ ಒಬ್ಬರೂ ತಿರುಗುವುದಿಲ್ಲ, ಯಾರೋ ಬಾಗಿ ಪೆಟ್ಟಿಗೆಯ ಮುಚ್ಚಳ ಎತ್ತುತ್ತಿದ್ದಾರೆ, ಅವನ ಕೈ ಒಳಗಿಳಿಯುತ್ತದೆ, ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ, ಮಡಚಿಕೊಳ್ಳುತ್ತವೆ, ಆ ಬೆರಳುಗಳು