ಹದಿನೇಳನೆಯ ಅಧ್ಯಾಯದಲ್ಲಿ ಮುಳುಗಿದವನು

ಒಬ್ಬ ವೈಕಿಂಗ್ ವೀರನನ್ನು ಸಮುದ್ರದಲ್ಲಿ ಮುಳುಗಿಸಲು ಹೆಚ್ಚು ಖರ್ಚಿಲ್ಲ. ಒಂದಿಷ್ಟು ಹಾಳೆ, ಅರ್ಧ ರೀಫಿಲ್ಲು, ಒಂದು ಭಾನುವಾರದ ಮಧ್ಯಾಹ್ನ. ಆದರೆ ಮುಳುಗಿದವನನ್ನು ಮೇಲೆತ್ತಬೇಕೆಂದರೆ ಲೆಕ್ಕವೇ ಬೇರೆ. ಅಚ್ಚಾಗಿ ಮಡಚಿಟ್ಟ ಹದಿನಾರು ಪುಟದ ಫಾರಂ ಅಷ್ಟೂ ಪ್ರತಿ ರದ್ದಿಗೆ ಹೋಗಬೇಕು, ಅಷ್ಟೇ ಹೊಸ ಕಾಗದ ಬರಬೇಕು, ಹೊಸ ಪ್ಲೇಟು, ಬೈಂಡರನ ಎರಡು ದಿನದ ಕೂಲಿ, ಎಲ್ಲದರ ಮೇಲೆ ಪ್ರಕಾಶಕರ ರಕ್ತದೊತ್ತಡ. ಈ ಲೆಕ್ಕವನ್ನು ಪ್ರಕಾಶಕರೇ ಫೋನಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದರು. ಅತ್ತಿಗೆ ಹೊಲಿಗೆ ಯಂತ್ರದ ಮುಂದೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೇಳುತ್ತ ಕುಳಿತಿದ್ದಳು.

"ಯಾರು ಸತ್ತಿದ್ದು ಅಂದ್ರಿ?" ಎಂದಳು, ಪಿನ್ನುಗಳನ್ನು ಅಂಗೈಗೆ ಉಗಿದು.

"ನಿಮ್ಮ ಹೀರೋ, ತಾಯೀ! ಹದಿನೆಂಟನೇ ಅಧ್ಯಾಯದಲ್ಲಿ ಮದುವೆ ಅಂತ ನೀವು ಹೇಳಿದೀರಿ. ಹದಿನೇಳರಲ್ಲೇ ಗಂಡು ನೀರುಪಾಲು. ಈಗ ತಾನೇ ಓದಿ ಮಾತ್ರೆ ನುಂಗಿದೀನಿ."

"ಅಚ್ಚು ಹಾಕೋ ಮುಂಚೆ ಓದಬಾರದಿತ್ತಾ?"

"ಒಂಬತ್ತು ಪುಸ್ತಕದಲ್ಲಿ ಯಾವತ್ತು ಓದಿದೀನಿ ನಾನು?"

ಅದೂ ನಿಜವೇ. ಈ ಕಾದಂಬರಿಗಳನ್ನು ಒಂದೇ ಹೆಸರಿನಲ್ಲಿ ಇಬ್ಬರು ಬರೆಯುತ್ತಿದ್ದರು: ಹೊಲಿಗೆ ಅಂಗಡಿ ಇಟ್ಟುಕೊಂಡ ಅತ್ತಿಗೆ, ಮತ್ತು ಹಲ್ಲಿನ ಡಾಕ್ಟರ ಹತ್ತಿರ ಕೌಂಟರಿನಲ್ಲಿ ಕೂರುವ ಅವಳ ನಾದಿನಿ, ಗಂಡನ ತಂಗಿ. ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಚೂಟಿ ಎನ್ನುತ್ತಿದ್ದರು. ಆರು ವರ್ಷದ ಹಿಂದೆ ಗಂಡ ಬಿಟ್ಟುಹೋದ ಮೇಲೆ ಅಣ್ಣನ ಮನೆಗೆ ಬಂದವಳು. ಹೊತ್ತು ಹೋಗದೆ ಇಬ್ಬರೂ ಬರೆದು ನೋಡಿದ್ದನ್ನು ಪ್ರಕಾಶಕರು ಮೆಚ್ಚಿ, "ಓದೋರಿಗೆ ರಾಜಕುಮಾರರು ಸಾಕಾಗಿದೆ. ಹಿಮ, ಹಡಗು, ಗಡ್ಡ, ಮೂರೂ ಇರ್ಲಿ. ಮಿಕ್ಕಿದ್ದು ನಿಮಗೆ ಬಿಟ್ಟಿದ್ದು" ಎಂದಿದ್ದರು. ಅಲ್ಲಿಂದ ಶುರು. ಸಮುದ್ರದ ಅಧ್ಯಾಯಗಳು ನಾದಿನಿಯವು. ಉದ್ಯಾನದ ಕೆರೆಯಲ್ಲಿ ಪೆಡಲು ತುಳಿಯುವ ದೋಣಿ ಬಿಟ್ಟರೆ ಬೇರೆ ದೋಣಿ ಹತ್ತದ ಹೆಂಗಸು ಬಿರುಗಾಳಿ ಬರೆದರೆ ಓದುವವರಿಗೆ ಹೊಟ್ಟೆ ತೊಳಸುತ್ತಿತ್ತು. ಮನೆಯ ಅಧ್ಯಾಯಗಳು ಅತ್ತಿಗೆಯವು: ಉದ್ದನೆಯ ಮರದ ಮನೆ, ನಡುವೆ ಬೆಂಕಿ, ಮಗ್ಗ, ಯಜಮಾನಿಯ ಸೊಂಟದ ಬೀಗದ ಕೈ ಗೊಂಚಲು, ಮತ್ತು ಪ್ರೀತಿ. ಸಾವಿರ ವರ್ಷದ ಹಿಂದಿನ ಹಿಮದ ನಾಡಾದರೂ ಹೊಗೆ ಕಣ್ಣಿಗೇ ಬಂದಿರುತ್ತದೆ, ಗಂಡಸರು ಊಟದ ಹೊತ್ತಿಗೇ ಬಂದಿರುತ್ತಾರೆ ಎಂಬ ಧೈರ್ಯದ ಮೇಲೆ ಅವಳು ಬರೆಯುತ್ತಿದ್ದಳು.

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿರಲಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಬಾಯಿಮಾತಲ್ಲೇ ಕಥೆಯ ಎರಡು ತುದಿಗೂ ಗಂಟು ಹಾಕಿಬಿಡುತ್ತಿದ್ದರು. "ಎಡಗೈಗೆ ಗಾಯ, ಮೈಮೇಲೆ ಕರಡಿ ತೊಗಲು, ಮೂಗಿನ ತುದೀಲಿ ಸಿಟ್ಟು. ದಡಕ್ಕೆ ಬಿಟ್ಟಿದೀನಿ, ತಗೋ" ಎಂದರೆ ಸಾಕು, ಅಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಬರೆದದ್ದು ಬರೆದಂತೆ ಅಚ್ಚಿಗೆ ಹೋಗುತ್ತಿತ್ತು. ಯಂತ್ರ ಖಾಲಿ ನಿಲ್ಲಬಾರದೆಂದು ಪ್ರಕಾಶಕರು ಬಂದ ಬಂದ ಅಧ್ಯಾಯವನ್ನು ಅಚ್ಚು ಹಾಕಿಸುತ್ತಿದ್ದರು. ಈಗ ನಾಲ್ಕು ತಿಂಗಳಿಂದ ನಾದಿನಿ ಬೆಳಗ್ಗೆ ಚಹಾ ಕುಡಿಯದೆ ಕೆಲಸಕ್ಕೆ ಹೊರಡುತ್ತಿದ್ದಳು. ಏನಾಯಿತೇ ಎಂದರೆ "ಏನಿಲ್ಲ." ಎರಡನೆಯ ಸಲ ಕೇಳಿದರೆ "ಏನಿಲ್ಲ ಅಂದ್ನಲ್ಲ." ಮಾತಿಲ್ಲ, ಗಂಟಿಲ್ಲ. ಅಧ್ಯಾಯಗಳು ಮಾತ್ರ ಹೋಗುತ್ತಿದ್ದವು.

"ಅವಳಿ ತಮ್ಮ ಇದ್ದ ಅಂತ ಬರೀರಿ," ಎಂದರು ಪ್ರಕಾಶಕರು ಫೋನಿನಲ್ಲಿ. "ಥೇಟ್ ಅಣ್ಣನ ಥರ. ಅವನ ಜೊತೆ ಮದುವೆ ಮಾಡಿಸಿ ಕೈ ತೊಳ್ಕೊಳ್ಳಿ."

"ಎಂಟು ಪುಸ್ತಕದುದ್ದಕ್ಕೂ ಅವನ ಹೆತ್ತ ತಾಯಿ ಇನ್ನೊಂದು ಮಗು ಇದೆ ಅಂತ ಯಾರ ಹತ್ರಾನೂ ಹೇಳ್ಲಿಲ್ವಾ ಸ್ವಾಮಿ? ಮರೆತ್ಹೋಗಿತ್ತಾ?"

"ನನಗೊತ್ತಿಲ್ಲ. ಶನಿವಾರ ಕೊನೇ ಅಧ್ಯಾಯ ಬದಲಾಯಿಸಿ ಕೊಡಿ. ಓದೋರು ಅತ್ತರೆ ಹತ್ತನೇ ಪುಸ್ತಕ. ಬೈದರೆ ಮಾಲಿಕೆ ಬಂದ್."

ಸಂಜೆ ಗಂಡ ಬಂದ. ಅವನು ಲಿಫ್ಟು ರಿಪೇರಿಯವನು; ಹೆಂಡತಿ, ತಂಗಿ ಇಬ್ಬರ ಅಧ್ಯಾಯಗಳನ್ನೂ ದಾರಿಯಲ್ಲಿ ಮುದ್ರಣಾಲಯಕ್ಕೆ ಮುಟ್ಟಿಸುವವನು ಅವನೇ. ಅಚ್ಚಾದ ಫಾರಮ್ಮಿನ ಒಂದು ಪ್ರತಿಯನ್ನು ಅತ್ತಿಗೆ ಅವನಿಂದಲೇ ತರಿಸಿದ್ದಳು.

"ರೀ, ಇಷ್ಟು ದಿನ ಹೊತ್ಕೊಂಡು ಹೋದ್ರಲ್ಲ, ಒಂದು ಸಲ ಬಿಚ್ಚಿ ನೋಡಬಾರದಾ?"

"ಲಿಫ್ಟ್ ಮೇಲೆ ಕೆಳಗೆ ಓಡಾಡ್ತಿದ್ಯಾ ನೋಡೋದು ನನ್ನ ಕೆಲಸ. ಒಳಗೆ ಯಾರಿದಾರೆ ಅಂತ ನಾನ್ಯಾಕೆ ನೋಡ್ಲಿ?" ಎಂದು ಕೈ ತೊಳೆಯಲು ಹೋದವನು ಬಚ್ಚಲಿನಿಂದಲೇ ಹೇಳಿದ: "ಅದಿರ್ಲಿ, ಚೂಟಿ ಬಾಡಿಗೆ ರೂಮು ನೋಡಿದಾಳೆ. ಮುಂಗಡಾನೂ ಕೊಟ್ಟಾಗಿದೆ. ಒಂದನೇ ತಾರೀಕಿಗೆ ಹೋಗ್ತಾಳಂತೆ. ಕಾರಣ ಕೇಳಿದ್ರೆ, ನಿನ್ನ ಹೆಂಡತೀನ ಕೇಳು ಅಂದ್ಲು."

ಅತ್ತಿಗೆ ಫಾರಂ ಬಿಚ್ಚಿ ಓದಿದಳು. ಯಾವುದಾದರೂ ಒಂದು ಸಂದು ಉಳಿಸಿರುತ್ತಾಳೆ, ಒಂದು ಹಲಗೆ ತೇಲಿ ಬಂದಿರುತ್ತದೆ ಎಂದು ಹುಡುಕಿದಳು. ನಾದಿನಿ ಒಂದು ಸೂಜಿಯಷ್ಟೂ ಜಾಗ ಬಿಟ್ಟಿರಲಿಲ್ಲ. ವೀರ ಮುಳುಗಿದ. ಹೆಣ ದಡಕ್ಕೆ ಬಂತು. ತುದಿಯಿಲ್ಲದ ಕಿರುಬೆರಳಿನಿಂದ ಗುರುತು ಹಿಡಿದರು. ಹಡಗಿನಲ್ಲೇ ಮಲಗಿಸಿ ಬೆಂಕಿ ಇಟ್ಟರು. ಬೂದಿಯ ಮೇಲೆ ಮಣ್ಣು ಹಾಕಿ ದಿಬ್ಬ ಮಾಡಿದರು. ದಿಬ್ಬದ ಮೇಲೆ ಕಲ್ಲನ್ನೂ ನೆಟ್ಟಿದ್ದರು. ಇಷ್ಟು ಅಚ್ಚುಕಟ್ಟಾಗಿ ಸತ್ತವನನ್ನು ಅತ್ತಿಗೆ ಎಲ್ಲೂ ಕಂಡಿರಲಿಲ್ಲ. ಅವಳ ಮದುವೆ ಅಧ್ಯಾಯ, ತಿಂಗಳುಗಟ್ಟಲೆ ಕೂತು ಮದುಮಗಳ ಉಡುಪಿನ ಒಂದೊಂದು ಹೊಲಿಗೆ ಹಾಕಿ ಬರೆದದ್ದು, ಡ್ರಾಯರಿನಲ್ಲಿ ಸುಮ್ಮನೆ ಬಿದ್ದಿತ್ತು.

ಮರುದಿನ ಅಂಗಡಿಗೆ ಬೀಗ ಹಾಕಿ ನೇರ ಹಲ್ಲಿನ ಡಾಕ್ಟರಲ್ಲಿಗೆ ಹೋದಳು. ಬೆಂಚಿನ ಮೇಲೆ ಕೆನ್ನೆ ಊದಿದ ನಾಲ್ಕು ಜನ. ಒಳಗಿನಿಂದ ಡ್ರಿಲ್ಲಿನ ಸದ್ದು. ಕೌಂಟರಿನಲ್ಲಿ ನಾದಿನಿ.

"ಅಪಾಯಿಂಟ್‌ಮೆಂಟ್ ಇದೆಯಾ?" ಎಂದಳು ತಲೆ ಎತ್ತದೆ.

"ಚೂಟಿ, ಆಟ ಆಡ್ಬೇಡ."

"ಹಲ್ಲು ನೋವಾ, ಒಸಡು ನೋವಾ?"

"ಹೊಟ್ಟೆ ನೋವು. ಮುಳುಗಿಸಿದ್ದು ಸಾಲ್ದು ಅಂತ ಸುಟ್ಟು ಬೂದಿ ಮಾಡಿದೀಯಲ್ಲೇ ಅವನನ್ನ!"

ಬೆಂಚಿನ ಮೇಲಿದ್ದ ಒಬ್ಬ ಕೆನ್ನೆಯಿಂದ ಕೈ ತೆಗೆದು ಇವರನ್ನೇ ನೋಡಿದ.

"ಬರೀ ಮುಳುಗಿಸಿದ್ರೆ ನೀವು ದಡಕ್ಕೆಳೆದು, ಕಂಬಳಿ ಹೊದಿಸಿ, ಬಿಸಿ ಹಾಲು ಕುಡಿಸಿ ಎಬ್ಬಿಸಿಬಿಡ್ತಿದ್ರಿ. ನನಗೆ ಗೊತ್ತಿಲ್ವಾ ನಿಮ್ಮ ಬುದ್ಧಿ?" ನಾದಿನಿ ದನಿ ಇಳಿಸಿದಳು. "ಸರಿಯಾಗಿ ಸಾಯ್ಲಿ ಅಂತಾನೇ ಮಾಡಿದ್ದು."

"ಏನು ಮಾಡಿದ್ದ ನಿನಗೆ ಅವನು?"

"ಮಾತಾಡಿದ್ದ." ನಾದಿನಿ ಮೂಲೆಯ ಖಾಲಿ ಕುರ್ಚಿಯನ್ನು ಗದ್ದದಲ್ಲೇ ತೋರಿಸಿದಳು. "ನಾಲ್ಕು ತಿಂಗಳ ಹಿಂದೆ ಅಲ್ಲಿ ಒಬ್ಬ ಹೆಂಗಸು ಕೂತಿದ್ರು. ಬಾಯಿ ತುಂಬ ಹತ್ತಿ, ಕೈಯಲ್ಲಿ ನಮ್ಮ ಎಂಟನೇ ಪುಸ್ತಕ. ಕಣ್ಣೊರೆಸ್ಕೊಂಡು ಬಂದು ನನಗೆ ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ರು. ಮಾತಾಡಕ್ಕಾಗಲ್ವಲ್ಲ, ಎದೆ ಮೇಲೆ ಕೈ ಇಟ್ಕೊಂಡ್ರು, ಎಷ್ಟು ಚೆನ್ನಾಗಿದೆ ಅನ್ನೋ ಹಾಗೆ. 'ನೀನು ಗಟ್ಟಿಗಿತ್ತಿ. ನಾನಿಲ್ಲದಿದ್ದರೂ ನಿನ್ನ ಒಲೆ ಆರುವುದಿಲ್ಲ.' ಯಾರ ಮಾತು ಅತ್ತಿಗೆ ಅದು?"

ಅದು ನಾದಿನಿಯ ಗಂಡ ಪೆಟ್ಟಿಗೆ ಹಿಡಿದು ಹೊರಡುವಾಗ ಆಡಿದ ಮಾತು. ನಾದಿನಿ ಒಂದು ದಿನ ಪಾತ್ರೆ ಒರೆಸುತ್ತ ಹೇಳಿದ್ದಳು. ಅತ್ತಿಗೆ ಅದನ್ನು ಹಡಗು ಹತ್ತುವ ವೀರನ ಬಾಯಿಗೆ ಇಟ್ಟಿದ್ದಳು. ಅವಳಿಗೆ ಅದು ತಪ್ಪೆಂದೇ ಹೊಳೆದಿರಲಿಲ್ಲ. ಅತ್ತೆಯ ಗೊರಕೆಯನ್ನು ಹಡಗಿನ ನಾಯಕನಿಗೆ ಕೊಟ್ಟಿದ್ದಳು, ಗಂಡನ ಜಿಪುಣತನವನ್ನು ಕಮ್ಮಾರನಿಗೆ. ಮನೆಯಲ್ಲಿ ಯಾರೂ ತಕರಾರು ತೆಗೆದಿರಲಿಲ್ಲ.

"ನನ್ನ ಕಥೇಲಿ ಅವನು ವಾಪಸ್ ಬಂದನಲ್ಲೇ!" ಎಂದಳು ಕೊನೆಗೆ.

"ಅದೇ ಅಲ್ವಾ ನನಗೆ ಉರಿದಿದ್ದು! ಕೈಬಿಟ್ಟು ಹೋಗೋನು ಆಡೋ ಮಾತು ಅದು. ನಿಮ್ಮ ಪುಸ್ತಕದಲ್ಲಿ ಅದು ಪ್ರೀತಿಯಾಯ್ತು. ಈಗ ಊರಿನ ಹೆಂಗಸರೆಲ್ಲ ಗೆರೆ ಎಳ್ಕೊಂಡು ಓದ್ತಿದಾರೆ."

"ನೀನೇ ತಾನೇ ಹೇಳಿದ್ದು ನನಗೆ?"

"ಅಡುಗೆಮನೇಲಿ ನಾನು ಹೇಳಿದ್ದು ಅತ್ತಿಗೆಗೆ. ಪುಸ್ತಕ ಬರೆಯೋರಿಗೆ ಹೇಳಿರಲಿಲ್ಲ."

ಒಳಗೆ ಡ್ರಿಲ್ಲು ನಿಂತಿತು. ಅತ್ತಿಗೆಗೆ ಸಿಟ್ಟೂ ಬಂದಿತ್ತು, ನಾಚಿಕೆಯೂ ಆಗಿತ್ತು. ಎರಡರಲ್ಲಿ ಯಾವುದನ್ನು ಹಿಡಿಯಬೇಕೋ ತೋಚಲಿಲ್ಲ. "ಆವತ್ತು ನೀನೇನಂದೆ ಅವನಿಗೆ?" ಎಂದು ಕೇಳಿದಳು. "ಅದನ್ನ ನೀನು ಹೇಳಲೇ ಇಲ್ಲ."

ನಾದಿನಿ ಕೌಂಟರಿನ ಮೇಲಿನ ಚೀಟಿಗಳನ್ನು ಜೋಡಿಸಿದಳು. "ಬಾಚಣಿಗೆ ತಗೊಂಡ್ರಾ ಅಂದೆ."

"ಏನು?"

"ಬಾಚಣಿಗೆ. ಎಂಟು ವರ್ಷ ಸಂಸಾರ ಮಾಡಿದ ಗಂಡ ಹೊಸ್ತಿಲು ದಾಟ್ತಿದ್ರೆ ನನ್ನ ಬಾಯಿಗೆ ಬಂದಿದ್ದು ಅದು. ತಗೊಂಡಿದೀನಿ ಅಂದ. ಹೋದ."

ಅತ್ತಿಗೆಯ ಬೆರಳು ತಂತಾನೇ ಜುಮ್ಮೆಂದಿತು. ಆ ಕಾಲದ ಆ ಕಡಲುಗಳ್ಳರು ಜಿಂಕೆ ಕೊಂಬಿನ ಬಾಚಣಿಗೆಯನ್ನು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರೆಂದು ಅವಳು ಬಲ್ಲಳು. ಎರಡು ಪುಸ್ತಕದಲ್ಲಿ ಬರೆದೂ ಇದ್ದಳು. ಒಂದು ಎಳೆ ಬಿಗಿ ಮಾಡಬೇಕಾಗಿಲ್ಲ, ಒಂದು ಎಳೆ ಸಡಿಲ ಮಾಡಬೇಕಾಗಿಲ್ಲ. ಬೂದಿಯ ದಿಬ್ಬದ ಮುಂದೆ ನಿಂತ ಹೆಣ್ಣು, ಅವನು ಕೊನೆಯ ಸಲ ಹೊರಟಾಗ ತಾನು ಕೇಳಿದ್ದು ಇಷ್ಟೇ ಎಂದು ನೆನೆಸಿಕೊಳ್ಳುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಅಳತೆ ತೆಗೆದು ಹೊಲಿದ ಹಾಗಿತ್ತು.

ನಾದಿನಿ ಅವಳ ಮುಖವನ್ನೇ ನೋಡುತ್ತಿದ್ದಳು. "ಬರ್ಕೊಳ್ಳಿ," ಎಂದಳು. "ಒಳಗೇ ಬರ್ಕೋತಿದೀರ ಅಂತ ಕಾಣ್ತಿದೆ. ಮುಂದಿನೋರು ಬನ್ನಿ!"

ಮನೆಗೆ ಬಂದು ಅತ್ತಿಗೆ ಬರೆದೇಬಿಟ್ಟಳು. ಆರು ಪುಟ, ಕೂತ ಒಂದೇ ಪಟ್ಟಿಗೆ, ಒಂದು ಚಿತ್ತುಕಾಟಿಲ್ಲ. ಇಂಥದ್ದನ್ನು ಅವಳು ಹಿಂದೆ ಬರೆದಿರಲಿಲ್ಲ, ಮುಂದೆ ಬರೆಯುವುದೂ ಇಲ್ಲ ಎಂದು ಅವಳಿಗೇ ಗೊತ್ತಾಯಿತು. ಓದಿ ನೋಡಿದಳು. ಇನ್ನೊಮ್ಮೆ ಓದಿದಳು. ಪ್ರಕಾಶಕರಿಗೆ ಫೋನು ಮಾಡಲು ಎದ್ದವಳು, ತೆರೆದ ಬಾಗಿಲಿನಿಂದ ನಾದಿನಿಯ ಕೋಣೆಯನ್ನು ಕಂಡಳು. ಗೋಡೆಯ ಮೂಲೆಗೆ ಎರಡು ರಟ್ಟಿನ ಪೆಟ್ಟಿಗೆ ಬಂದು ಕೂತಿದ್ದವು. ಒಂದಕ್ಕೆ ಆಗಲೇ ಅಂಟುಪಟ್ಟಿ ಸುತ್ತಿತ್ತು.

"ಹಾಳಾದ್ದು!" ಎಂದಳು ಗಟ್ಟಿಯಾಗಿ. ಯಾರಿಗೆ ಬೈದಳೋ ಅವಳಿಗೇ ತಿಳಿಯಲಿಲ್ಲ. ಅಂಗಡಿಗೆ ಹೋಗಿ ದೊಡ್ಡ ಕತ್ತರಿ ತೆಗೆದು, ಆರು ಹಾಳೆಯನ್ನೂ ಒಟ್ಟಿಗೆ ಹಿಡಿದು, ಕಾಲರಿನ ಅಳತೆಯ ಕಾಗದದ ಅಚ್ಚಾಗಿ ಕತ್ತರಿಸಿ ಹಾಕಿದಳು. ಉಳಿದ ಚೂರನ್ನು ಚಿಂದಿ ಚೀಲಕ್ಕೆ ತುರುಕಿದಳು.

ಆಮೇಲೆ ಶುರುವಾಯಿತು ಪಡಿಪಾಟಲು. ಹೆಣ್ಣು ದಿಬ್ಬದ ಮುಂದೆ ಅಳುವ ಹಾಗೆ ಬರೆದಳು; ಚೆನ್ನಾಗಲಿಲ್ಲ. ಪ್ರತಿಜ್ಞೆ ಮಾಡಿಸಿದಳು, ನಾಟಕದ ಹಾಗಾಯಿತು. ಬೀಗದ ಕೈಯನ್ನು ಕಡಲಿಗೆ ಎಸೆಯಿಸಿದಳು, ಮರುಕ್ಷಣ ಉಗ್ರಾಣದ ಬಾಗಿಲು ಯಾರು ತೆಗೆಯುತ್ತಾರೆ ಎಂದು ಹೊಳೆದು ಅದನ್ನೂ ಹೊಡೆದು ಹಾಕಿದಳು. ಏನು ಬರೆಯಲು ಹೋದರೂ ಆ ಬಾಚಣಿಗೆ ಬಂದು ಅಡ್ಡ ನಿಲ್ಲುತ್ತಿತ್ತು. ಗಿರಾಕಿಯೊಬ್ಬಳ ರವಿಕೆಗೆ ಎರಡೂ ಎಡತೋಳು ಹೊಲಿದು ಬೈಸಿಕೊಂಡಳು. ಶನಿವಾರ ಬೆಳಗ್ಗೆ ಹೆಣ್ಣು ಮನೆಗೆ ಹಿಂದಿರುಗಿ ಬೆಂಕಿಗೆ ಸೌದೆ ಹಾಕಿದಳೆಂದು ಬರೆದು ಮುಗಿಸಿದಳು. ಗಂಡನಿಗೆ ಓದಿ ಹೇಳಿದಳು.

"ಎರಡು ಮಹಡಿ ಮಧ್ಯ ಲಿಫ್ಟ್ ನಿಂತ ಹಾಗಿದೆ," ಎಂದ ಅವನು.

"ಗೊತ್ತು. ತಗೊಂಡು ಹೋಗಿ."

ಪುಸ್ತಕ ಒಂದನೇ ತಾರೀಕಿನ ಹಿಂದಿನ ದಿನ ಮನೆಗೆ ಬಂತು. ನಾದಿನಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅದನ್ನು ಎತ್ತಿಕೊಂಡು, ಫ್ರಿಜ್ಜಿಗೆ ಒರಗಿ ನಿಂತು, ಕೊನೆಯ ಅಧ್ಯಾಯ ತೆರೆದಳು. ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತ ಓದಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಕೊನೆ ಮುಟ್ಟಿ, ಹಿಂದಕ್ಕೆ ತಿರುಗಿಸಿ ಮತ್ತೆ ಓದಿದಳು. ಅತ್ತಿಗೆ ಇಸ್ತ್ರಿ ಮಾಡುತ್ತಿದ್ದವಳು ಒಂದೇ ಅಂಗಿಯ ಒಂದೇ ತೋಳನ್ನು ಉಜ್ಜುತ್ತಲೇ ಇದ್ದಳು.

"ಹಾಕಿಲ್ಲ," ಎಂದಳು ನಾದಿನಿ.

"ಇಲ್ಲ."

"ಕೊನೆ ಚೆನ್ನಾಗಿಲ್ಲ, ಅತ್ತಿಗೆ."

"ನನಗೆ ಗೊತ್ತಿಲ್ವಾ? ಚೆನ್ನಾಗಿರೋದು ಯಾವುದು ಅಂತ ನಿನಗೂ ಗೊತ್ತು!" ಎಂದು ಅತ್ತಿಗೆ ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದಳು. ಕಣ್ಣಲ್ಲಿ ನೀರಿತ್ತು. ಅದು ಪುಸ್ತಕಕ್ಕೋ ನಾದಿನಿಗೋ, ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ನಾದಿನಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಪೆಟ್ಟಿಗೆಯ ಅಂಟುಪಟ್ಟಿ ಪರ್‌ ಎಂದು ಕಿತ್ತುಬರುವ ಸದ್ದು ಕೇಳಿಸಿತು.

ಓದಿದವರು ಬೈದರು. ಗ್ರಂಥಾಲಯಗಳಿಂದ ಪುಸ್ತಕ ಕಟ್ಟುಕಟ್ಟಾಗಿ ವಾಪಸು ಬಂತು. ಪ್ರಕಾಶಕರು ಮಾಲಿಕೆ ನಿಲ್ಲಿಸಿ, ಬೇರೆ ಯಾರಿಂದಲೋ ಮರುಭೂಮಿಯ ಕುದುರೆ ಸವಾರರನ್ನು ಬರೆಸಲು ಶುರುಮಾಡಿದರು. ರೂಮಿನ ಯಜಮಾನ ಮುಂಗಡ ಹಿಂದಿರುಗಿಸಲಿಲ್ಲ. ಅತ್ತಿಗೆ ತನ್ನ ಜೀವಮಾನದ ಅತ್ಯುತ್ತಮ ಆರು ಪುಟವನ್ನು ಕಳೆದುಕೊಂಡಳು, ಅದರ ಸಂಕಟ ಅವಳಿಗೆ ಇವತ್ತಿಗೂ ಹೋಗಿಲ್ಲ. ನಾದಿನಿ ಮನೆಯಲ್ಲೇ ಉಳಿದಳು.